ಡ್ಯಾಕ್ ತಂದರೂ ಹಾಡು ಹಾಗೇ ಕೇಳಿಸ್ತಿದೆಯಾ? ದುಡ್ಡು ಹಾಕುವ ಮೊದಲು ಕಂಪ್ಯೂಟರ್ ಸೆಟ್ಟಿಂಗ್ ನೋಡಿ

ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ಡ್ಯಾಕ್ ತರಿಸಿದ್ದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಒಂದು ಕಡೆ ಕಂಪ್ಯೂಟರ್‌ನ ಯುಎಸ್‌ಬಿ ವೈರು, ಇನ್ನೊಂದು ಕಡೆ ಆಂಪ್ಲಿಫೈಯರ್‌ಗೆ ಹೋಗುವ ವೈರು. ಮೇಲೊಂದು ಪುಟ್ಟ ಲೈಟು. ಮಾಮೂಲಿ ಹಾಡಿಗೆ ಹಸಿರು, ಹೈ-ರೆಸಲ್ಯೂಶನ್ ಹಾಡಿಗೆ ನೀಲಿ ಬರುತ್ತೆ ಅಂತ ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು.

ಮೂರು ತಿಂಗಳು ಕೇಳಿದೆ. ಯಾವ ಫೈಲ್ ಹಾಕಿದರೂ ಲೈಟು ಹಸಿರೇ. ಡಬ್ಬಿ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವ ಯೋಚನೆಯಲ್ಲಿದ್ದೆ. ಕೊನೆಗೆ ನೋಡಿದರೆ ಡಬ್ಬಿ ಸರಿಯಾಗೇ ಇತ್ತು, ಕಂಪ್ಯೂಟರ್ ಸೆಟ್ಟಿಂಗ್ ತಪ್ಪಿತ್ತು. ಹತ್ತು ನಿಮಿಷದ ಕೆಲಸ, ಒಂದು ರೂಪಾಯಿ ಖರ್ಚಿಲ್ಲ. ಸೆಟ್ಟಿಂಗ್ ಬದಲಿಸಿದ ಮೇಲೆ ಅದೇ ಫೈಲ್ ಹಾಕಿದೆ, ಲೈಟು ನೀಲಿಯಾಯ್ತು.

ಈಗ ನಮ್ಮ ತಾಲೂಕಿನಲ್ಲೂ ಈ ಡಬ್ಬಿಗಳು ಕಾಣಿಸ್ತಿವೆ. ಫೋಟೋ-ವಿಡಿಯೋ ಸ್ಟುಡಿಯೋದವರು ತಗೊಂಡಿದ್ದಾರೆ, ಮೈಕ್ ಸೆಟ್ ಬಾಡಿಗೆಗೆ ಕೊಡುವವರು ತಗೊಂಡಿದ್ದಾರೆ, ಮನೆಯಲ್ಲಿ ಹಳೇ ಆಂಪ್ಲಿಫೈಯರ್ ಇಟ್ಟುಕೊಂಡವರೂ ವಿಚಾರಿಸ್ತಿದ್ದಾರೆ. ಬೆಲೆ ಒಂದೆರಡು ಸಾವಿರದಿಂದ ಶುರುವಾಗಿ ಲಕ್ಷ ದಾಟುತ್ತೆ. ಅಷ್ಟು ದುಡ್ಡು ಕೊಟ್ಟು ತಂದಿದ್ದು ಪೂರ್ತಿ ಕೆಲಸ ಮಾಡ್ತಿದೆಯಾ? ಇಲ್ಲ ಅಂದರೆ ಏನು ಮಾಡಬೇಕು? ಇನ್ನೂ ತಗೊಂಡಿಲ್ಲದವರು ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು? ಒಂದೊಂದಾಗಿ ನೋಡೋಣ.

ಡ್ಯಾಕ್ ಅಂದರೆ ಏನು?

ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಇದನ್ನೇ ಚಿಕ್ಕದಾಗಿ ಡ್ಯಾಕ್ ಅಂತಾರೆ. ಕಂಪ್ಯೂಟರ್‌ನಲ್ಲಿ ಹಾಡು ಇರುವುದು ಬರೀ ಅಂಕಿಗಳ ರೂಪದಲ್ಲಿ. ಸ್ಪೀಕರ್‌ಗೆ ಅಂಕಿ ಅರ್ಥ ಆಗಲ್ಲ, ಅದಕ್ಕೆ ಏರಿಳಿಯುವ ವಿದ್ಯುತ್ ಬೇಕು. ಅಂಕಿಗಳನ್ನು ಆ ವಿದ್ಯುತ್ತಾಗಿ ಬದಲಿಸುವುದೇ ಡ್ಯಾಕ್ ಕೆಲಸ.

ಇದು ಹೊಸ ವಸ್ತುವೇನಲ್ಲ. ನಿಮ್ಮ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನ ಹಿಂದೆ ಒಂದು ಡ್ಯಾಕ್ ಇದೆ. ಟಿವಿಯಲ್ಲಿದೆ, ಸಿಡಿ ಪ್ಲೇಯರ್‌ನಲ್ಲಿದೆ, ಬ್ಲೂಟೂತ್ ಸ್ಪೀಕರ್ ಒಳಗೂ ಇದೆ. ಹೊರಗಿನ ಡ್ಯಾಕ್ ತಗೊಳ್ಳಲು ಮುಖ್ಯ ಕಾರಣ ಒಂದೇ. ಕಂಪ್ಯೂಟರ್ ಒಳಗೆ ಫ್ಯಾನು, ಹಾರ್ಡ್ ಡಿಸ್ಕು, ಪ್ರೊಸೆಸರ್ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ. ಅವುಗಳ ವಿದ್ಯುತ್ ಗಲಾಟೆ ಹಾಡಿನ ಜೊತೆ ಸೇರಿ ಸ್ಸ್ಸ್ ಅಂತಲೋ ಕಿರ್ರ್ ಅಂತಲೋ ಕೇಳಿಸುತ್ತೆ. ಮೌಸ್ ಅಲ್ಲಾಡಿಸಿದಾಗ ಸ್ಪೀಕರ್‌ನಲ್ಲಿ ಕಿರಿಕಿರಿ ಬರುವುದನ್ನು ಕೆಲವರು ಗಮನಿಸಿರಬಹುದು. ಬದಲಿಸುವ ಕೆಲಸವನ್ನು ಹೊರಗಿನ ಡಬ್ಬಿಗೆ ವಹಿಸಿದರೆ ಆ ಗಲಾಟೆ ತಪ್ಪುತ್ತೆ.

ಇಲ್ಲೇ ಒಂದು ಎಚ್ಚರಿಕೆ. ನೀವು ಹಾಡು ಕೇಳುವುದು ಬ್ಲೂಟೂತ್ ಸ್ಪೀಕರ್‌ನಲ್ಲಿ ಆದರೆ ಹೊರಗಿನ ಡ್ಯಾಕ್‌ನಿಂದ ಪ್ರಯೋಜನ ಇಲ್ಲ. ಅಲ್ಲಿ ಬದಲಿಸುವ ಕೆಲಸ ಸ್ಪೀಕರ್ ಒಳಗೇ ನಡೆಯುತ್ತೆ.

44.1, 96, 24 ಬಿಟ್: ಈ ಅಂಕಿಗಳ ಲೆಕ್ಕ

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಒಂದು ಅಳತೆ ನಿಂತಿತು. ಸೆಕೆಂಡಿಗೆ 44,100 ಸಲ ದನಿಯ ಅಳತೆ ತಗೊಳ್ಳುವುದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆಯುವುದು. ಇದನ್ನೇ 16 ಬಿಟ್, 44.1 ಕಿಲೋಹರ್ಟ್ಸ್ ಅಂತಾರೆ. ಇದಕ್ಕಿಂತ ಮೇಲಿನದು, ಅಂದರೆ 24 ಬಿಟ್‌ನಲ್ಲಿ 96 ಅಥವಾ 192 ಕಿಲೋಹರ್ಟ್ಸ್ ಇರುವುದನ್ನು ಹೈ-ರೆಸಲ್ಯೂಶನ್ ಅಂತ ಕರೆಯುತ್ತಾರೆ.

ಮೊದಲ ಅಂಕಿ ಎಷ್ಟು ತೆಳ್ಳಗಿನ ದನಿಯವರೆಗೆ ದಾಖಲಾಗುತ್ತೆ ಅಂತ ಹೇಳುತ್ತೆ. ಸೆಕೆಂಡಿಗೆ ಎಷ್ಟು ಸಲ ಅಳತೆ ತಗೊಳ್ಳುತ್ತೇವೋ ಅದರ ಅರ್ಧದವರೆಗಿನ ಕಂಪನ ದಾಖಲಾಗುತ್ತೆ. 44,100ರ ಅರ್ಧ 22,050. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತೆ, ಅದೂ ಚಿಕ್ಕ ವಯಸ್ಸಿನಲ್ಲಿ. ವಯಸ್ಸಾಗುತ್ತಾ ಬಂದಂತೆ ಅದು ಇಳಿಯುತ್ತಾ ಹೋಗುತ್ತೆ.

ಎರಡನೆಯ ಅಂಕಿ, ಅಂದರೆ ಬಿಟ್, ಅತಿ ಮೆಲ್ಲಗಿನ ದನಿಗೂ ಅತಿ ಜೋರು ದನಿಗೂ ಇರುವ ಅಂತರ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. ಆ ಲೆಕ್ಕದಲ್ಲಿ 16 ಬಿಟ್‌ಗೆ 96 ಡೆಸಿಬೆಲ್, 24 ಬಿಟ್‌ಗೆ 144 ಡೆಸಿಬೆಲ್. ನಾವು ಕೇಳಿ ಬೆಳೆದ ಕ್ಯಾಸೆಟ್‌ನಲ್ಲಿ ಈ ಅಂತರ 50-60 ಡೆಸಿಬೆಲ್ ಆಸುಪಾಸು ಅಷ್ಟೇ.

ಹಾಗಾದರೆ ನನ್ನ ಲೈಟು ಯಾಕೆ ಬದಲಾಗಲಿಲ್ಲ?

ವಿಂಡೋಸ್ ಕಂಪ್ಯೂಟರ್‌ನಲ್ಲಿ ಒಂದೇ ಸಲ ಎಷ್ಟೋ ಕಡೆಯಿಂದ ಶಬ್ದ ಬರುತ್ತೆ. ಹಾಡು, ಯೂಟ್ಯೂಬ್, ವಾಟ್ಸಾಪ್ ಟಿಂಗ್, ಎರರ್ ಬಂದಾಗಿನ ಡಣ್ ಶಬ್ದ. ಇವೆಲ್ಲ ಸೇರಿ ಒಂದೇ ಸ್ಪೀಕರ್‌ಗೆ ಹೋಗಬೇಕಲ್ಲ, ಅದಕ್ಕೆ ವಿಂಡೋಸ್ ಒಳಗೆ ಒಂದು ಮಿಕ್ಸರ್ ಇದೆ. ಮದುವೆ ಮನೆಯಲ್ಲಿ ಎಲ್ಲ ಮೈಕ್‌ಗಳೂ ಮೊದಲು ಮಿಕ್ಸರ್‌ಗೆ ಬಂದು ಆಮೇಲೆ ಸ್ಪೀಕರ್‌ಗೆ ಹೋಗುತ್ತವಲ್ಲ, ಹಾಗೇ.

ಈ ಮಿಕ್ಸರ್ ಎಲ್ಲವನ್ನೂ ಒಂದೇ ಅಳತೆಗೆ ತರುತ್ತೆ. ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್ ಅಂತ ಇದ್ದರೆ ನೀವು 44.1ರ ಸಿಡಿ ಹಾಡು ಹಾಕಿದರೂ 48 ಆಗುತ್ತೆ, 96ರ ಹೈ-ರೆಸ್ ಹಾಡು ಹಾಕಿದರೂ 48ಕ್ಕೆ ಇಳಿಯುತ್ತೆ. ಡ್ಯಾಕ್ ಡಬ್ಬಿಗೆ ತಲುಪುವುದು ಯಾವಾಗಲೂ 48. ಲೈಟು ಬದಲಾಗುವುದಾದರೂ ಹೇಗೆ? ಪಾಪ, ಡಬ್ಬಿ ಕೊಟ್ಟಿದ್ದನ್ನು ನುಡಿಸುತ್ತಿತ್ತು.

ಈ ಮಿಕ್ಸರ್ ಬದಿಗಿಟ್ಟು ಹಾಡನ್ನು ನೇರವಾಗಿ ಡ್ಯಾಕ್‌ಗೆ ಕಳಿಸುವ ದಾರಿಯೂ ವಿಂಡೋಸ್‌ನಲ್ಲಿದೆ. ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್ ಅಂತ ಅದರ ಹೆಸರು. ವಿಂಡೋಸ್ ವಿಸ್ತಾ ಕಾಲದಿಂದ, ಅಂದರೆ 2007ರಿಂದ ಇದೆ. ಆದರೆ ನಾವಾಗಿ ಆರಿಸಿಕೊಳ್ಳದೆ ಅದು ಶುರುವಾಗಲ್ಲ. ಅದನ್ನು ಬಳಸುವ ಪ್ಲೇಯರ್ ಸಾಫ್ಟ್‌ವೇರ್ ಕೂಡ ಬೇಕು.

ಹಂತ 1: ವಿಂಡೋಸ್ ಸೆಟ್ಟಿಂಗ್

ಮೊದಲು ಆಂಪ್ಲಿಫೈಯರ್ ವಾಲ್ಯೂಮ್ ಪೂರ್ತಿ ಕೆಳಗಿಳಿಸಿ. ಇದನ್ನು ಮರೆಯಬೇಡಿ. ನೇರ ದಾರಿಯಲ್ಲಿ ಹಾಡು ಹೋಗುವಾಗ ವಿಂಡೋಸ್‌ನ ವಾಲ್ಯೂಮ್ ಗುಂಡಿ ಕೆಲವು ಡ್ಯಾಕ್‌ಗಳಲ್ಲಿ ಕೆಲಸ ಮಾಡಲ್ಲ. ಒಮ್ಮೆಲೇ ಪೂರ್ತಿ ಜೋರಾಗಿ ಬಂದರೆ ಸ್ಪೀಕರ್‌ಗೂ ಕಿವಿಗೂ ಪೆಟ್ಟು.

ಡ್ಯಾಕ್ ಅನ್ನು ಯುಎಸ್‌ಬಿಗೆ ಹಾಕಿ. 2017ರ ನಂತರದ ವಿಂಡೋಸ್ 10 ಮತ್ತು ವಿಂಡೋಸ್ 11ರಲ್ಲಿ ಹೆಚ್ಚಿನ ಡ್ಯಾಕ್‌ಗಳಿಗೆ ಬೇರೆ ಡ್ರೈವರ್ ಬೇಕಿಲ್ಲ, ಕಂಪ್ಯೂಟರ್ ತಾನಾಗೇ ಗುರುತಿಸುತ್ತೆ. ಅಂಗಡಿಯಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಡ್ಯಾಕ್ ತಯಾರಿಸಿದವರ ವೆಬ್‌ಸೈಟ್‌ನಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಬೇರೆ ಕಡೆಯ ಡ್ರೈವರ್ ಬೇಡ, ವೈರಸ್ ಬರುವ ಭಯ ಇದೆ.

ಆಮೇಲೆ ಕೀಬೋರ್ಡ್‌ನಲ್ಲಿ ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎಂ-ಎಂ-ಎಸ್-ವೈ-ಎಸ್ ಡಾಟ್ ಸಿ-ಪಿ-ಎಲ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಹಳೇ ಕಾಲದ ಸೌಂಡ್ ಕಿಟಕಿ ತೆರೆಯುತ್ತೆ. ಅದರಲ್ಲಿ:

- ಪ್ಲೇಬ್ಯಾಕ್ ಪಟ್ಟಿಯಲ್ಲಿ ನಿಮ್ಮ ಡ್ಯಾಕ್ ಹೆಸರು ಕಾಣುತ್ತೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ.
- ಅಡ್ವಾನ್ಸ್ಡ್ ಪುಟಕ್ಕೆ ಹೋಗಿ. ಕೆಳಗೆ ಎಕ್ಸ್‌ಕ್ಲೂಸಿವ್ ಮೋಡ್ ಅಂತ ಎರಡು ಚೌಕ ಇವೆ. ಎರಡಕ್ಕೂ ಟಿಕ್ ಇರಬೇಕು.
- ಅದೇ ಪುಟದಲ್ಲಿ ಡೀಫಾಲ್ಟ್ ಫಾರ್ಮ್ಯಾಟ್ ಇದೆ. ಮಾಮೂಲಿ ಬಳಕೆಗೆ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟರೆ ಸಾಕು. ನೇರ ದಾರಿಯ ಹಾಡಿಗೆ ಇದು ಅನ್ವಯ ಆಗಲ್ಲ.
- ಎನ್‌ಹ್ಯಾನ್ಸ್‌ಮೆಂಟ್ಸ್ ಅಂತ ಏನಾದರೂ ಇದ್ದರೆ ಎಲ್ಲ ಆಫ್ ಮಾಡಿ. ಬಾಸ್ ಬೂಸ್ಟ್, ವರ್ಚುಯಲ್ ಸರೌಂಡ್ ಯಾವುದೂ ಬೇಡ.

ಹಂತ 2: ಪ್ಲೇಯರ್ ಸಾಫ್ಟ್‌ವೇರ್

ಈ ಕೆಲಸಕ್ಕೆ ದುಡ್ಡು ಕೊಡುವ ಸಾಫ್ಟ್‌ವೇರ್‌ಗಳಿವೆ. ಆದರೆ ಉಚಿತವಾಗಿ ಸಿಗುವ ಫೂಬಾರ್2000 ನಮ್ಮ ಕೆಲಸಕ್ಕೆ ಧಾರಾಳ ಸಾಕು. ಪೀಟರ್ ಪಾವ್ಲೋವ್ಸ್ಕಿ ಅನ್ನುವವರು ಇದನ್ನು ಮಾಡಿದ್ದು, 2002ರಿಂದ ಚಾಲ್ತಿಯಲ್ಲಿದೆ. ನೋಡಲು ಸಪ್ಪೆ. ಹಳೇ ಕಂಪ್ಯೂಟರ್‌ನಲ್ಲೂ ಹಗುರವಾಗಿ ಓಡುತ್ತೆ. ಫೂಬಾರ್2000 ಡಾಟ್ ಆರ್ಗ್ ಅನ್ನುವ ಅದರ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ.

- ಫೈಲ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಪ್ಲೇಬ್ಯಾಕ್, ಅದರಲ್ಲಿ ಔಟ್‌ಪುಟ್ ತೆರೆಯಿರಿ.
- ಡಿವೈಸ್ ಪಟ್ಟಿಯಲ್ಲಿ ನಿಮ್ಮ ಡ್ಯಾಕ್ ಹೆಸರು ಎರಡು ಸಲ ಇರುತ್ತೆ. ಒಂದರ ಮುಂದೆ ಎಕ್ಸ್‌ಕ್ಲೂಸಿವ್ ಅಂತ ಬರೆದಿರುತ್ತೆ. ಅದನ್ನೇ ಆರಿಸಿ. ತುಂಬಾ ಹಳೇ ಆವೃತ್ತಿಯಲ್ಲಿ ಇದು ಕಾಣಲ್ಲ, ಹೊಸದು ಹಾಕಿಕೊಳ್ಳಿ.
- ಔಟ್‌ಪುಟ್ ಫಾರ್ಮ್ಯಾಟ್ 24 ಬಿಟ್ ಇಡಿ. ಡ್ಯಾಕ್ 32 ಬಿಟ್ ತಗೊಳ್ಳುವುದಾದರೆ ಅದೂ ಆಗಬಹುದು.
- ಡಿಎಸ್‌ಪಿ ಮ್ಯಾನೇಜರ್ ಅನ್ನುವ ಕಡೆ ಆ್ಯಕ್ಟಿವ್ ಪಟ್ಟಿ ಖಾಲಿ ಇರಬೇಕು. ಈಕ್ವಲೈಜರ್ ಇದ್ದರೆ ತೆಗೆಯಿರಿ.
- ಪ್ಲೇಬ್ಯಾಕ್ ಪುಟದಲ್ಲಿ ರಿಪ್ಲೇಗೇನ್ ಇದ್ದರೆ ನನ್ ಅಂತ ಇಡಿ. ಹಾಡಿಂದ ಹಾಡಿಗೆ ದನಿ ಸಮ ಮಾಡುವ ಸೌಲಭ್ಯ ಅದು. ಅಂಗಡಿಯಲ್ಲಿ ಇಡೀ ದಿನ ಹಾಡು ಓಡಿಸುವವರು ಬೇಕಿದ್ದರೆ ಇಟ್ಟುಕೊಳ್ಳಲಿ, ತಪ್ಪೇನಿಲ್ಲ.
- ಪ್ಲೇಯರ್‌ನ ವಾಲ್ಯೂಮ್ ಪೂರ್ತಿ ಮೇಲಿಟ್ಟು, ಹೆಚ್ಚು ಕಮ್ಮಿ ಮಾಡುವುದನ್ನು ಆಂಪ್ಲಿಫೈಯರ್‌ನಲ್ಲಿ ಇಟ್ಟುಕೊಳ್ಳಿ.

ಆಂಪ್ಲಿಫೈಯರ್‌ನಲ್ಲಿ ವಾಲ್ಯೂಮ್ ಗುಂಡಿಯೇ ಇಲ್ಲ, ಕಂಪ್ಯೂಟರ್‌ನಲ್ಲೇ ಇಳಿಸಬೇಕು ಅನ್ನುವವರು ಹೆದರಬೇಕಿಲ್ಲ. 16 ಬಿಟ್ ಹಾಡನ್ನು 24 ಬಿಟ್ ದಾರಿಯಲ್ಲಿ ಕಳಿಸುವಾಗ 8 ಬಿಟ್ ಜಾಗ ಖಾಲಿ ಇರುತ್ತೆ. ಅಂದರೆ ಸುಮಾರು 48 ಡೆಸಿಬೆಲ್‌ವರೆಗೆ ಇಳಿಸಿದರೂ ಹಾಡಿನ ಅಂಕಿ ಉದುರಲ್ಲ. ಔಟ್‌ಪುಟ್‌ನಲ್ಲಿ 24 ಬಿಟ್ ಇಡಿ ಅಂತ ಹೇಳಿದ್ದು ಇದಕ್ಕೇ.

ಹಂತ 3: ಸರಿಯಾಗಿದೆಯಾ ಅಂತ ಪರೀಕ್ಷೆ

ಒಂದು ಸಿಡಿ ಗುಣಮಟ್ಟದ ಫೈಲ್ ಹಾಕಿ, ಆಮೇಲೆ 96 ಕಿಲೋಹರ್ಟ್ಸ್‌ನ ಫೈಲ್ ಹಾಕಿ. ಡ್ಯಾಕ್‌ನಲ್ಲಿ ಲೈಟು ಅಥವಾ ಅಂಕಿ ತೋರಿಸುವ ಪರದೆ ಇದ್ದರೆ ಅದು ಬದಲಾಗಬೇಕು. ಫೂಬಾರ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಆ ಫೈಲ್‌ನ ಅಂಕಿ ಕಾಣುತ್ತೆ. ಎರಡೂ ಒಂದಕ್ಕೊಂದು ತಾಳೆಯಾಗಬೇಕು.

ಲೈಟು ಇಲ್ಲದ ಡ್ಯಾಕ್‌ಗೆ ಇನ್ನೊಂದು ಉಪಾಯ. ಹಾಡು ಓಡುತ್ತಿರುವಾಗಲೇ ಬ್ರೌಸರ್‌ನಲ್ಲಿ ಯೂಟ್ಯೂಬ್ ವಿಡಿಯೋ ಹಾಕಿ ನೋಡಿ. ಅದೇ ಡ್ಯಾಕ್‌ನಲ್ಲಿ ವಿಡಿಯೋದ ಶಬ್ದ ಬರಲಿಲ್ಲ ಅಂದರೆ ನೇರ ದಾರಿ ಕೆಲಸ ಮಾಡ್ತಿದೆ ಅಂತ ಅರ್ಥ. ಎರಡೂ ಸೇರಿ ಕೇಳಿಸಿದರೆ ಮಿಕ್ಸರ್ ಇನ್ನೂ ಮಧ್ಯೆ ಇದೆ. ಹಾಡನ್ನು ಪೂರ್ತಿ ಸ್ಟಾಪ್ ಮಾಡಿದ ಮೇಲೆ ಬೇರೆ ಶಬ್ದಗಳು ಮತ್ತೆ ಬರುತ್ತವೆ.

ಯಾವುದೋ ಫೈಲ್ ಹಾಕಿದಾಗ ಮಾತ್ರ ಎರರ್ ಬಂದರೆ ಆ ಫೈಲ್‌ನ ಅಂಕಿ ನಿಮ್ಮ ಡ್ಯಾಕ್‌ನ ಮಿತಿ ದಾಟಿದೆ. ಉದಾಹರಣೆಗೆ 96ರ ಡ್ಯಾಕ್‌ಗೆ 192ರ ಫೈಲ್. ಆಗ ಎಕ್ಸ್‌ಕ್ಲೂಸಿವ್ ಅಂತ ಬರೆಯದ ಡಿವೈಸ್ ಆರಿಸಿಕೊಳ್ಳಿ, ವಿಂಡೋಸ್ ಅದನ್ನು ಇಳಿಸಿ ನುಡಿಸುತ್ತೆ. ಹಾಡು ಮಧ್ಯೆ ಮಧ್ಯೆ ಕಡಿದರೆ ಬಫರ್ ಲೆಂಗ್ತ್ ಸ್ವಲ್ಪ ಜಾಸ್ತಿ ಮಾಡಿ, ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರ್‌ಗೆ ವೈರ್ ಹಾಕಿ.

ಮೈಕ್ ಸೆಟ್‌ನವರು ಇದನ್ನು ಓದಲೇಬೇಕು

ಮದುವೆ ಹಾಲ್‌ನಲ್ಲಿ ಲ್ಯಾಪ್‌ಟಾಪ್‌ನಿಂದ ನಾದಸ್ವರ ಹಾಕಿರುತ್ತಾರೆ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಇಡೀ ಹಾಲ್‌ಗೆ ವಾಟ್ಸಾಪ್ ಟಿಂಗ್! ಇಲ್ಲಾ ಬ್ಯಾಟರಿ ಮುಗೀತಿದೆ ಅನ್ನುವ ಡಣ್ ಶಬ್ದ. ಎಲ್ಲರೂ ನಗುತ್ತಾರೆ, ಮೈಕ್ ಸೆಟ್‌ನವರ ಮುಖ ಸಣ್ಣದಾಗುತ್ತೆ.

ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಹಾಡು ಓಡುತ್ತಿರುವಾಗ ಬೇರೆ ಯಾವ ಶಬ್ದವೂ ಆ ಡ್ಯಾಕ್ ಮೂಲಕ ಹೊರಗೆ ಬರಲ್ಲ. ಹೈ-ರೆಸ್ ಹಾಡು ಇರಲಿ ಬಿಡಲಿ, ಕಾರ್ಯಕ್ರಮ ಮಾಡುವವರಿಗೆ ಇದೊಂದೇ ಲಾಭ ಸಾಕು. ಇನ್ನೂ ಭದ್ರ ಬೇಕೆಂದರೆ ಅದೇ ಸೌಂಡ್ ಕಿಟಕಿಯಲ್ಲಿ ಸೌಂಡ್ಸ್ ಅನ್ನುವ ಪುಟಕ್ಕೆ ಹೋಗಿ ನೋ ಸೌಂಡ್ಸ್ ಆರಿಸಿ. ವಿಂಡೋಸ್‌ನ ಸ್ವಂತ ಶಬ್ದಗಳು ಬಂದ್ ಆಗುತ್ತವೆ.

ಬಿಲ್ಲಿಂಗ್ ಕಂಪ್ಯೂಟರ್‌ನಲ್ಲೇ ಹಾಡು ಹಾಕುವ ಅಂಗಡಿಯವರು ಮಾತ್ರ ಒಂದು ಗಮನದಲ್ಲಿಡಿ. ಆ ಕಂಪ್ಯೂಟರ್‌ನಲ್ಲಿ ಆರ್ಡರ್ ಬಂದ ಶಬ್ದ ಕೇಳಿಸಬೇಕು ಅನ್ನುವುದಿದ್ದರೆ ಈ ಮೋಡ್ ಬೇಡ, ಆರ್ಡರ್ ತಪ್ಪಿಹೋಗುತ್ತೆ. ಇಲ್ಲವಾದರೆ ಹಾಡಿಗೆ ಡ್ಯಾಕ್, ವಿಂಡೋಸ್ ಶಬ್ದಕ್ಕೆ ಕಂಪ್ಯೂಟರ್‌ನದೇ ಸ್ಪೀಕರ್ ಅಂತ ಬೇರೆ ಬೇರೆ ಮಾಡಿಕೊಳ್ಳಬಹುದು. ಸೌಂಡ್ ಕಿಟಕಿಯಲ್ಲಿ ಕಂಪ್ಯೂಟರ್ ಸ್ಪೀಕರ್ ಅನ್ನು ಡೀಫಾಲ್ಟ್ ಮಾಡಿ, ಫೂಬಾರ್ ಒಳಗೆ ಮಾತ್ರ ಡ್ಯಾಕ್ ಆರಿಸಿದರೆ ಆಯ್ತು.

ಹಮ್ಮ್ ಅನ್ನುವ ಶಬ್ದ ಬರ್ತಿದೆಯಾ?

ಡ್ಯಾಕ್ ಹಾಕಿದ ಮೇಲೆ ಸ್ಪೀಕರ್‌ನಲ್ಲಿ ಹಮ್ಮ್ ಅಂತ ಬಂದರೆ ತಕ್ಷಣ ಡ್ಯಾಕ್ ಬೈಯಬೇಡಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಶಬ್ದ ನಿಂತರೆ ಅದು ಅರ್ಥಿಂಗ್ ತೊಂದರೆ. ಕಂಪ್ಯೂಟರ್ ಒಂದು ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯ ಪ್ಲಗ್‌ನಲ್ಲಿ ಇದ್ದಾಗ ಎರಡರ ಅರ್ಥ್ ಮಧ್ಯೆ ಸಣ್ಣ ವಿದ್ಯುತ್ ಸುತ್ತುತ್ತೆ, ಅದೇ ಹಮ್ಮ್ ಅಂತ ಕೇಳಿಸುವುದು. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತೆ.

ಕೆಲವರು ಶಬ್ದ ನಿಲ್ಲಲಿ ಅಂತ ಪ್ಲಗ್‌ನ ಮೂರನೇ ಕಾಲು, ಅಂದರೆ ಅರ್ಥ್ ಪಿನ್, ಕತ್ತರಿಸಿಬಿಡುತ್ತಾರೆ. ದಯವಿಟ್ಟು ಮಾಡಬೇಡಿ. ಆಂಪ್ಲಿಫೈಯರ್ ಒಳಗೆ ಏನಾದರೂ ಶಾರ್ಟ್ ಆದರೆ ಅದರ ಮೈಯೆಲ್ಲ ಕರೆಂಟ್ ಬರುತ್ತೆ, ಮುಟ್ಟಿದವರ ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೂ ತೊಂದರೆ ಬರುತ್ತೆ. ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ನೋಡಿಸಿ.

64 ಜಿಬಿಯಲ್ಲಿ 3000 ಹೈ-ರೆಸ್ ಹಾಡು? ಲೆಕ್ಕ ಹಾಕಿ

ದಾರಿ ಸರಿಯಾಯ್ತು. ಆ ದಾರಿಯಲ್ಲಿ ಕಳಿಸುವ ಹಾಡು ಅಸಲಿಯಾ? ಜಾತ್ರೆ, ಸಂತೆ, ಆನ್‌ಲೈನ್ ಎಲ್ಲ ಕಡೆ ಹಾಡು ತುಂಬಿದ ಪೆನ್‌ಡ್ರೈವ್ ಮಾರುತ್ತಾರೆ. 'ಎಚ್‌ಡಿ ಫ್ಲ್ಯಾಕ್, 3000 ಹಾಡು, 64 ಜಿಬಿ' ಅಂತ ಯಾರಾದರೂ ಹೇಳಿದರೆ ನಮ್ಮ ಅಂಗಡಿಯವರಿಗೆ ಬರುವ ಲೆಕ್ಕದಲ್ಲೇ ಪರೀಕ್ಷೆ ಮಾಡಬಹುದು.

5 ನಿಮಿಷದ ಒಂದು ಹಾಡು ತಗೊಳ್ಳಿ. 320 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 12 ಎಂಬಿ. ಸಿಡಿ ಗುಣಮಟ್ಟದ್ದು ಒತ್ತದೆ ಇಟ್ಟರೆ 53 ಎಂಬಿ, ಫ್ಲ್ಯಾಕ್ ಮಾಡಿದರೆ ಹೆಚ್ಚುಕಮ್ಮಿ 30 ಎಂಬಿ. 24 ಬಿಟ್ 96 ಕಿಲೋಹರ್ಟ್ಸ್ ಆದರೆ ಒತ್ತದೆ 173 ಎಂಬಿ, ಫ್ಲ್ಯಾಕ್‌ನಲ್ಲಿ 100 ಎಂಬಿ ಆಸುಪಾಸು.

ಈಗ ಗುಣಿಸಿ. 3000 ಹೈ-ರೆಸ್ ಹಾಡಿಗೆ ಸುಮಾರು 300 ಜಿಬಿ ಬೇಕು. ಸಿಡಿ ಗುಣಮಟ್ಟಕ್ಕೇ 90 ಜಿಬಿ ಬೇಕು. 64 ಜಿಬಿಯಲ್ಲಿ 3000 ಹಾಡು ಹಿಡಿಯುವುದು ಎಂಪಿ3 ಆಗಿದ್ದರೆ ಮಾತ್ರ. ಡಬ್ಬಿ ಮೇಲೆ ಏನೇ ಬರೆದಿರಲಿ, ಒಳಗಿರುವುದು ಅದೇ.

ಇನ್ನೊಂದು ಮೋಸ ಸ್ವಲ್ಪ ಸೂಕ್ಷ್ಮ. ಎಂಪಿ3 ಹಾಡನ್ನೇ ಸಾಫ್ಟ್‌ವೇರ್‌ನಲ್ಲಿ ಫ್ಲ್ಯಾಕ್‌ಗೆ ಬದಲಿಸಿ ಕೊಡುತ್ತಾರೆ. ಫೈಲ್ ದೊಡ್ಡದಾಗುತ್ತೆ, ಲೈಟು ನೀಲಿಯೂ ಆಗಬಹುದು. ಆದರೆ ಎಂಪಿ3 ಮಾಡುವಾಗ ಒಮ್ಮೆ ಕಳೆದುಹೋದ ದನಿ ವಾಪಸ್ ಬರಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ದೊಡ್ಡ ಪಾತ್ರೆಗೆ ಸುರಿದರೆ ಹಾಲು ಗಟ್ಟಿಯಾಗುತ್ತಾ?

ಇದನ್ನು ಹಿಡಿಯಲು ಸ್ಪೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಫೈಲ್ ಅನ್ನು ಅದರೊಳಗೆ ಎಳೆದು ಬಿಟ್ಟರೆ ದನಿಯ ಚಿತ್ರ ಬರುತ್ತೆ. 128 ಕೆಬಿಪಿಎಸ್ ಎಂಪಿ3ಯಿಂದ ಮಾಡಿದ್ದಾದರೆ ಸುಮಾರು 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕತ್ತರಿಸಿದ ಹಾಗೆ ಚಿತ್ರ ನಿಂತುಹೋಗಿರುತ್ತೆ. 320ರದ್ದಾದರೆ 20ರ ಹತ್ತಿರ. ಹೈ-ರೆಸ್ ಅಂತ ಕೊಟ್ಟ ಫೈಲ್ 22ರಲ್ಲಿ ನೇರ ಕತ್ತರಿಸಿದ್ದರೆ ಅದು ಸಿಡಿಯಿಂದ ಎಳೆದು ಹಿಗ್ಗಿಸಿದ್ದಿರಬೇಕು. ಆದರೆ ಹಳೇ ರೆಕಾರ್ಡಿಂಗ್‌ಗಳಲ್ಲಿ ಮೇಲಿನ ದನಿ ಮೊದಲೇ ಕಮ್ಮಿ ಇರುತ್ತೆ, ಅಲ್ಲಿ ಚಿತ್ರ ನಿಧಾನಕ್ಕೆ ಮಾಸುತ್ತಾ ಹೋಗುತ್ತೆ. ಅದನ್ನು ನೋಡಿ ಮೋಸ ಅನ್ನಬೇಡಿ.

ಅಸಲಿ ಹಾಡು ಬೇಕೆಂದರೆ ಸುಲಭದ ದಾರಿ ನಮ್ಮ ಮನೆಯ ಅಟ್ಟದಲ್ಲೇ ಇದೆ. ಮೂಲ ಸಿಡಿಗಳು ಬಿದ್ದಿದ್ದರೆ ಒರೆಸಿ, ಸಿಡಿ ಡ್ರೈವ್ ಇರುವ ಕಂಪ್ಯೂಟರ್‌ಗೆ ಹಾಕಿ. ಫೂಬಾರ್2000ಕ್ಕೆ ಅದರ ವೆಬ್‌ಸೈಟ್‌ನಲ್ಲೇ ಸಿಗುವ ಉಚಿತ ಎನ್‌ಕೋಡರ್ ಪ್ಯಾಕ್ ಸೇರಿಸಿಕೊಂಡರೆ ಸಿಡಿಯನ್ನು ಹಾಗ್ಹಾಗೇ ಫ್ಲ್ಯಾಕ್‌ಗೆ ಇಳಿಸಬಹುದು. ಒಂದು ಅಂಕಿಯೂ ಕಳೆಯಲ್ಲ. ಸಿಡಿ ಹಾಳಾಗುವ ಮೊದಲು ಈ ಕೆಲಸ ಮಾಡಿಟ್ಟುಕೊಳ್ಳುವುದು ಒಳ್ಳೇದು.

ಮೊಬೈಲ್, ಮ್ಯಾಕ್‌ನಲ್ಲಿ ಹೇಗೆ?

ಆಂಡ್ರಾಯ್ಡ್ ಮೊಬೈಲ್‌ಗೆ ಒಟಿಜಿ ವೈರ್ ಹಾಕಿ ಡ್ಯಾಕ್ ಜೋಡಿಸಬಹುದು. ಅಲ್ಲೂ ಮಿಕ್ಸರ್ ಇದೆ, ಸಾಮಾನ್ಯವಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ತರುತ್ತೆ. ಆಂಡ್ರಾಯ್ಡ್ 14ರಿಂದ ನೇರ ದಾರಿಯ ಸೌಲಭ್ಯ ಸೇರಿಸಿದ್ದಾರೆ, ಆದರೆ ಪ್ಲೇಯರ್ ಆ್ಯಪ್ ಅದನ್ನು ಬಳಸಬೇಕು. ಹಳೇ ಫೋನ್‌ನವರು ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೊ ಅನ್ನುವ ಆ್ಯಪ್ ಬಳಸುತ್ತಾರೆ. ಅದಕ್ಕೆ ತನ್ನದೇ ಡ್ರೈವರ್ ಇದೆ, ಆದರೆ ದುಡ್ಡು ಕೊಡಬೇಕು.

ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ಅನ್ನುವ ಪ್ರೋಗ್ರಾಂ ಮೊದಲೇ ಇರುತ್ತೆ. ಅದರಲ್ಲಿ ಡ್ಯಾಕ್ ಆರಿಸಿ ಫಾರ್ಮ್ಯಾಟ್ ಅನ್ನುವ ಕಡೆ ಹಾಡಿನ ಅಂಕಿ ಇಟ್ಟರೆ ಆಯ್ತು.

ಕೊನೇ ಪ್ರಶ್ನೆ: ನಿಜವಾಗ್ಲೂ ವ್ಯತ್ಯಾಸ ಕೇಳಿಸುತ್ತಾ?

ಮಾರುವವರು ಇದಕ್ಕೆ ನೇರ ಉತ್ತರ ಕೊಡುವುದು ಕಮ್ಮಿ. ಹಾಗಾಗಿ ಪರೀಕ್ಷೆ ಮಾಡಿದವರು ಏನಂತಾರೆ ಅಂತ ನೋಡೋಣ.

ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಹೈ-ರೆಸ್ ಹಾಡನ್ನು ಹಾಗೇ ಒಮ್ಮೆ, ಸಿಡಿ ಗುಣಮಟ್ಟಕ್ಕೆ ಇಳಿಸಿ ಒಮ್ಮೆ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. ಒಟ್ಟು 554 ಸಲ ಪರೀಕ್ಷೆ ಆಯ್ತು. ಸರಿ ಉತ್ತರ ಬಂದದ್ದು 276 ಸಲ. ಅಂದರೆ ನಾಣ್ಯ ಚಿಮ್ಮಿ ಹೇಳಿದರೂ ಅಷ್ಟೇ ಬರುತ್ತಿತ್ತು.

2016ರಲ್ಲಿ ಲಂಡನ್‌ನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ 18 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. 12,500ಕ್ಕೂ ಹೆಚ್ಚು ಸಲದ ಪರೀಕ್ಷೆ. ಸರಿ ಉತ್ತರ ಶೇ. 52.3. ತರಬೇತಿ ಪಡೆದವರಲ್ಲಿ ಇದು ಇನ್ನೂ ಜಾಸ್ತಿ. ಅಂದರೆ ವ್ಯತ್ಯಾಸ ಪೂರ್ತಿ ಸುಳ್ಳಲ್ಲ, ಆದರೆ ತೀರಾ ಸಣ್ಣದು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಫೂಬಾರ್2000ಕ್ಕೆ ಎಬಿಎಕ್ಸ್ ಅನ್ನುವ ಉಚಿತ ಜೋಡಣೆ ಇದೆ. ಒಂದೇ ಹಾಡಿನ ಎರಡು ಫೈಲ್ ಕೊಟ್ಟರೆ ಹೆಸರು ಮುಚ್ಚಿಟ್ಟು ಕೇಳಿಸುತ್ತೆ, ಎಷ್ಟು ಸರಿ ಹೇಳಿದಿರಿ ಅಂತ ಲೆಕ್ಕ ಕೊಡುತ್ತೆ. ನಾನು ಸಿಡಿ ಗುಣಮಟ್ಟಕ್ಕೂ 96ಕ್ಕೂ 16 ಸಲ ಮಾಡಿದೆ. ಸರಿ ಹೇಳಿದ್ದು 9. ನೀಲಿ ಲೈಟಿನ ಖುಷಿ ಅಲ್ಲಿಗೆ ಸ್ವಲ್ಪ ಇಳಿಯಿತು ಅನ್ನಿ. ಆದರೆ 128ರ ಎಂಪಿ3ಗೂ ಸಿಡಿಗೂ ಮಾಡಿದಾಗ 16ಕ್ಕೆ 14 ಸರಿ ಬಂತು. ತಂಬೂರಿಯ ನಾದ, ತಾಳದ ಝಣ್ ಅನ್ನುವ ಕೊನೆ ಇವುಗಳಲ್ಲಿ ಗೊತ್ತಾಗಿಬಿಡುತ್ತೆ.

ಹಾಗಾದರೆ ದುಡ್ಡು ಯಾವುದಕ್ಕೆ ಮೊದಲು?

ನನ್ನ ಅನುಭವದಲ್ಲಿ ಕ್ರಮ ಹೀಗೆ:

1. ಮೊದಲು ಹಾಡಿನ ಫೈಲ್. ವಾಟ್ಸಾಪ್‌ನಲ್ಲಿ ಬಂದ ಎಂಪಿ3 ಬಿಟ್ಟು ಸಿಡಿ ಗುಣಮಟ್ಟಕ್ಕೆ ಬನ್ನಿ. ಇಲ್ಲಿ ಸಿಗುವ ವ್ಯತ್ಯಾಸ ಎಲ್ಲರ ಕಿವಿಗೂ ಗೊತ್ತಾಗುತ್ತೆ.
2. ಆಮೇಲೆ ಸ್ಪೀಕರ್ ಮತ್ತು ಅದನ್ನು ಇಡುವ ಜಾಗ. ಮೂಲೆಗೆ ಒತ್ತಿ, ಬೀರು ಮೇಲೆ ಇಟ್ಟ ಸ್ಪೀಕರ್‌ಗೆ ಲಕ್ಷದ ಡ್ಯಾಕ್ ಹಾಕಿದರೂ ಗುಂಯ್ ಅನ್ನುವುದು ತಪ್ಪಲ್ಲ. ಗೋಡೆಯಿಂದ ಸ್ವಲ್ಪ ಮುಂದೆ, ಕೂತಾಗ ಕಿವಿಯ ಎತ್ತರಕ್ಕೆ ಇಡಿ.
3. ಮೂರನೇದು ಕಂಪ್ಯೂಟರ್ ಸೆಟ್ಟಿಂಗ್. ಖರ್ಚೇ ಇಲ್ಲ.
4. ಈಗಿನ ಹೆಡ್‌ಫೋನ್ ತೂತಿನಿಂದ ಕಿರಿಕಿರಿ ಶಬ್ದ ಬರ್ತಿದ್ದರೆ ಅಥವಾ ದನಿ ಸಾಲದಿದ್ದರೆ ಆಗ ಡ್ಯಾಕ್. ಕಡಿಮೆ ಬೆಲೆಯ ಒಳ್ಳೇ ಡ್ಯಾಕ್ ಸಾಕು.

ಈಗಾಗಲೇ ಡ್ಯಾಕ್ ತಗೊಂಡವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಇವತ್ತು ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಹತ್ತು ನಿಮಿಷ ಕೂತು ಮೇಲಿನ ಸೆಟ್ಟಿಂಗ್ ಮಾಡಿ, ಆಂಪ್ಲಿಫೈಯರ್ ವಾಲ್ಯೂಮ್ ಇಳಿಸಿಟ್ಟೇ ಶುರು ಮಾಡಿ. ಹೊಸದಾಗಿ ತಗೊಳ್ಳುವವರು ಅಂಗಡಿಗೆ ಹೋಗುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ಹಾಕುವ ಹಾಡು ಅವರ ಸ್ಪೀಕರ್‌ಗೆ ಒಪ್ಪುವಂಥದ್ದೇ ಇರುತ್ತೆ. ನಿಮ್ಮ ಹಾಡನ್ನು ಡ್ಯಾಕ್ ಹಾಕಿ ಒಮ್ಮೆ, ತೆಗೆದು ಒಮ್ಮೆ, ಒಂದೇ ವಾಲ್ಯೂಮ್‌ನಲ್ಲಿ ಕೇಳಿ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತೆ, ಅದಕ್ಕೇ ವಾಲ್ಯೂಮ್ ಸಮ ಇರಬೇಕು. ವ್ಯತ್ಯಾಸ ಗೊತ್ತಾದರೆ ತಗೊಳ್ಳಿ. ಗೊತ್ತಾಗದಿದ್ದರೆ ಆ ದುಡ್ಡು ಜೇಬಲ್ಲೇ ಇರಲಿ.